ಮಂಗನ ಕಾಯಿಲೆ: ಲಸಿಕೆ ನಿಂತದ್ದೇಕೆ, ಕಾಯಿಲೆ ಬಡವರನ್ನೇ ಹಿಡಿಯುವುದೇಕೆ?

ಮಲೆನಾಡಿನಲ್ಲಿ ಅಡಿಕೆ ಕೊಯ್ಲು ಮುಗಿಯುವ ಹೊತ್ತಿಗೆ ಮಂಗನ ಕಾಯಿಲೆಯ ಸುದ್ದಿ ಶುರುವಾಗುತ್ತದೆ. ಈಚಿನ ವರ್ಷಗಳಲ್ಲಿ ಈ ಸುದ್ದಿ ಓದಿದವರಿಗೆ ಗೊಂದಲವೇ ಜಾಸ್ತಿ. ಮೂವತ್ತು ವರ್ಷ ಜನರಿಗೆ ಕೊಟ್ಟ ಲಸಿಕೆಯನ್ನು ಸರ್ಕಾರ 2022ರಲ್ಲಿ ನಿಲ್ಲಿಸಿತು. ಲಸಿಕೆ ಹಾಕಿಸಿಕೊಂಡವರಿಗೂ ಜ್ವರ ಬಂತು ಎಂದು ಮೊದಲು ಓದಿದ್ದೆವು. ಈಗ ಲಸಿಕೆಯೇ ಇಲ್ಲ ಎಂದು ಓದುತ್ತಿದ್ದೇವೆ. ನಡುವೆ ಹೊಸ ಲಸಿಕೆ ಬರುತ್ತಿದೆ ಎಂಬ ಹೇಳಿಕೆ ಬೇರೆ. ಹಾಗಾದರೆ ಹಳೆ ಲಸಿಕೆ ಕೆಲಸ ಮಾಡುತ್ತಿತ್ತೋ ಇಲ್ಲವೋ? ಅರವತ್ತು ವರ್ಷಕ್ಕೂ ಹಿಂದೆ ಕಂಡುಹಿಡಿದ ಕಾಯಿಲೆಗೆ ಇವತ್ತಿಗೂ ಔಷಧ ಯಾಕಿಲ್ಲ?

ಇವಕ್ಕೆ ಉತ್ತರ ಇದೆ. ಆದರೆ ಲಸಿಕೆಯ ಬಾಟಲಿಯನ್ನಷ್ಟೇ ನೋಡಿದರೆ ಅದು ಸಿಗುವುದಿಲ್ಲ. ಈ ಕಾಯಿಲೆ ಕಾಡಿನಂಚಿನ ಎಲ್ಲರನ್ನೂ ಒಂದೇ ಸಮ ಹಿಡಿಯುವುದಿಲ್ಲ. ಯಾರು ಯಾವ ತಿಂಗಳಲ್ಲಿ, ಯಾವ ಕೆಲಸಕ್ಕೆ ಕಾಡಿನೊಳಗೆ ಕಾಲಿಡುತ್ತಾರೆ ಎಂಬುದರ ಮೇಲೆ ಯಾರಿಗೆ ಜ್ವರ ಬರುತ್ತದೆ ಎಂಬುದು ಬಹುಪಾಲು ತೀರ್ಮಾನವಾಗುತ್ತದೆ.

ಸೊರಬದ ಕಾಡಿನಲ್ಲಿ ಶುರುವಾದದ್ದು

1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತವು. ಅದೇ ಹೊತ್ತಿಗೆ ಸುತ್ತಲ ಹಳ್ಳಿಗಳಲ್ಲಿ ಜನರಿಗೂ ಜೋರು ಜ್ವರ. ಮಂಗಗಳೂ ಮನುಷ್ಯರೂ ಒಟ್ಟಿಗೆ ಸಾಯುತ್ತಿದ್ದುದರಿಂದ ಆಫ್ರಿಕಾದ ಹಳದಿ ಜ್ವರ ಭಾರತಕ್ಕೆ ಬಂತೇ ಎಂಬ ಭಯ ಹುಟ್ಟಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಬಂದು ಪರೀಕ್ಷೆ ಮಾಡಿದರು. ಸಿಕ್ಕಿದ್ದು ಹೊಸ ವೈರಸ್. ಊರಿನ ಹೆಸರೇ ಅದಕ್ಕೆ ನಿಂತಿತು: ಕ್ಯಾಸನೂರು ಫಾರೆಸ್ಟ್ ಡಿಸೀಸ್, ಅಂದರೆ ಕೆಎಫ್‌ಡಿ. ಆ ಮೊದಲ ವರ್ಷ 466 ಮಂದಿಗೆ ಕಾಯಿಲೆ ಬಂದಿತ್ತು.

ವೈರಸ್ ಮೈಗೆ ಸೇರಿದ 3ರಿಂದ 8 ದಿನದಲ್ಲಿ ಇದ್ದಕ್ಕಿದ್ದಂತೆ ಜ್ವರ ಏರುತ್ತದೆ. ತಲೆನೋವು, ಮೈಕೈ ಮುರಿಯುವಷ್ಟು ನೋವು. ಕೆಲವರಿಗೆ ಮೂಗು, ವಸಡಿನಿಂದ ರಕ್ತ ಬರುತ್ತದೆ. ಜ್ವರ ಬಿಟ್ಟಿತು ಎಂದುಕೊಂಡ ಒಂದೆರಡು ವಾರಕ್ಕೆ ಕೆಲವರಲ್ಲಿ ಮತ್ತೆ ಮರುಕಳಿಸಿ ಮೆದುಳು, ನರಗಳಿಗೂ ತಟ್ಟುತ್ತದೆ. ಕಾಯಿಲೆ ಬಂದ ನೂರು ಜನರಲ್ಲಿ 3ರಿಂದ 5 ಮಂದಿ ಸಾಯುತ್ತಾರೆ. ವೈರಸ್ಸನ್ನು ಕೊಲ್ಲುವ ಔಷಧ ಇಲ್ಲ. ನೀರಿನಂಶ, ರಕ್ತದೊತ್ತಡ, ಪ್ಲೇಟ್‌ಲೆಟ್ ಕಾಯ್ದುಕೊಳ್ಳುವುದೇ ಚಿಕಿತ್ಸೆ. ಬೇಗ ಆಸ್ಪತ್ರೆ ಸೇರಿದವರಿಗೆ ಬದುಕುವ ಅವಕಾಶ ಜಾಸ್ತಿ. ಈ ‘ಬೇಗ’ ಎಲ್ಲರ ಕೈಲಿಲ್ಲ ಎಂಬುದನ್ನು ಮುಂದೆ ನೋಡೋಣ.

ಉಣುಗು, ದನ ಮತ್ತು ಒಣ ಎಲೆ

ಕಾಯಿಲೆ ಹರಡುವುದು ಮಂಗ ಕಚ್ಚಿದ್ದರಿಂದ ಅಲ್ಲ. ಮನುಷ್ಯರಿಂದ ಮನುಷ್ಯರಿಗೆ ಹರಡಿದ್ದೂ ಕಂಡುಬಂದಿಲ್ಲ. ಹರಡುವುದು ಉಣುಗಿನಿಂದ, ಅಂದರೆ ಪ್ರಾಣಿಗಳ ಮೈಗೆ ಅಂಟಿಕೊಂಡು ರಕ್ತ ಹೀರುವ ಸಣ್ಣ ಜೀವಿಯಿಂದ. ಮಂಗಗಳೂ ನಮ್ಮ ಹಾಗೆಯೇ ಈ ವೈರಸ್ಸಿಗೆ ಬಲಿಯಾಗುತ್ತವೆ. ವೈರಸ್ ಮಂಗದ ರಕ್ತದಲ್ಲಿ ಹೇರಳವಾಗಿ ಬೆಳೆಯುತ್ತದೆ. ಆ ರಕ್ತ ಹೀರಿದ ಉಣುಗುಗಳು, ಮಂಗ ಸತ್ತು ಮೈ ತಣ್ಣಗಾದಾಗ ನೆಲಕ್ಕೆ ಉದುರುತ್ತವೆ. ಸತ್ತ ಮಂಗದ ಸುತ್ತಲ ಜಾಗ ಆಗ ತೀರಾ ಅಪಾಯಕಾರಿ. ಮಂಗ ಸತ್ತಿದ್ದು ಕಂಡರೆ ಕೂಡಲೇ ತಿಳಿಸಿ ಎಂದು ಆರೋಗ್ಯ ಇಲಾಖೆ ಹೇಳುವುದು, ಅಲ್ಲಿ ಸುತ್ತ ಮೆಲಾಥಿಯಾನ್ ಎಂಬ ಕೀಟನಾಶಕ ಹಾಕುವುದು ಇದೇ ಕಾರಣಕ್ಕೆ.

ಉಣುಗಿನ ಜೀವನಚಕ್ರ ಇಲ್ಲಿ ಮುಖ್ಯ. ಮೊಟ್ಟೆ ಒಡೆದು ಬಂದ ಮರಿ, ಆಮೇಲೆ ಎಳೆಯ ಉಣುಗು, ಕೊನೆಗೆ ಬೆಳೆದ ಉಣುಗು. ಮನುಷ್ಯರಿಗೆ ಹೆಚ್ಚಾಗಿ ಕಚ್ಚುವುದು ಎಳೆಯ ಉಣುಗು. ಅದು ಎಳ್ಳಿನ ಕಾಳಿಗಿಂತ ಸಣ್ಣದು, ಕಚ್ಚಿದ್ದು ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ಕಾಡಿನ ನೆಲದಲ್ಲಿ ಅವು ಜಾಸ್ತಿ ಇರುವುದು ನವೆಂಬರಿನಿಂದ ಮೇವರೆಗೆ. ಮಳೆ ಹಿಡಿಯಿತೆಂದರೆ ಕಾಯಿಲೆಯೂ ಇಳಿಯುತ್ತದೆ.

ಬೆಳೆದ ಉಣುಗುಗಳಿಗೆ ದೊಡ್ಡ ಪ್ರಾಣಿಯ ರಕ್ತ ಬೇಕು. ಮಲೆನಾಡಿನಲ್ಲಿ ಅದು ಬಹುತೇಕ ದನದ ರಕ್ತ. ದನಗಳಿಗೆ ಈ ಕಾಯಿಲೆ ಬರುವುದಿಲ್ಲ, ಅವುಗಳಿಂದ ವೈರಸ್ ನೇರವಾಗಿ ನಮಗೆ ದಾಟುವುದೂ ಇಲ್ಲ. ಆದರೆ ದನದ ರಕ್ತ ಕುಡಿದು ಹೊಟ್ಟೆ ತುಂಬಿದ ಹೆಣ್ಣು ಉಣುಗು ಸಾವಿರಾರು ಮೊಟ್ಟೆ ಇಡುತ್ತದೆ. ಕಾಡಿಗೆ ಮೇಯಲು ಬಿಟ್ಟ ದನ ಜಾಸ್ತಿಯಾದಷ್ಟೂ ಉಣುಗು ಜಾಸ್ತಿ. ಶುರುವಿನ ದಶಕದಲ್ಲೇ ಇಲ್ಲಿ ಕೆಲಸ ಮಾಡಿದ್ದ ಕೊಲಂಬಿಯಾದ ವಿಜ್ಞಾನಿ ಹೋರ್ಹೆ ಬೊಷೆಲ್ 1969ರಲ್ಲಿ ಇದನ್ನೇ ಬರೆದರು. ಅವರ ವಾದ ಇಷ್ಟು: ವೈರಸ್ ಕಾಡಿನಲ್ಲಿ ಬಹಳ ಹಿಂದಿನಿಂದಲೂ ಸದ್ದಿಲ್ಲದೆ ಇದ್ದಿರಬೇಕು. ಜನಸಂಖ್ಯೆ ಬೆಳೆದು, ಸಾಗುವಳಿ ಹಬ್ಬಿ, ದನಗಳು ಕಾಡಿನೊಳಕ್ಕೆ ಹೋದ ಮೇಲೆ ಉಣುಗು ಹೆಚ್ಚಿ ಅದು ಮಂಗಗಳಿಗೂ ಮನುಷ್ಯರಿಗೂ ಮುಟ್ಟಿತು.

ಕಾಡಿಗೆ ಹೋಗುವವರು ಯಾರು?

ಉಣುಗಿನ ಕಾಲ ಮತ್ತು ಮಲೆನಾಡಿನ ಕೆಲಸದ ಕಾಲ ಒಂದೇ. ಎಲೆ ಉದುರುವುದು ಚಳಿಗಾಲದ ಕೊನೆಗೆ. ಆಗಲೇ ಜನ ದರಕು ಗುಡಿಸಲು ಬೆಟ್ಟಕ್ಕೆ ಹೋಗುತ್ತಾರೆ. ಆ ಒಣ ಎಲೆ ಕೊಟ್ಟಿಗೆಗೆ ಹಾಸಾಗಿ, ಸಗಣಿ ಜೊತೆ ಗೊಬ್ಬರವಾಗಿ, ಅಡಿಕೆ ಮರದ ಬುಡಕ್ಕೆ ಬೀಳುತ್ತದೆ. ಮಳೆಗಾಲಕ್ಕೆ ಬೇಕಾದ ಸೌದೆ ಕೂಡಿಡುವುದೂ ಆಗಲೇ. ಉಣುಗು ಕುಳಿತಿರುವುದು ಅದೇ ಒಣ ಎಲೆಯ ನಡುವೆ. ಎಲೆಯನ್ನು ಕೈಯಲ್ಲಿ ಬಾಚಿ, ಹೆಡಿಗೆಗೆ ತುಂಬಿ, ತಲೆ ಮೇಲೆ ಹೊರುವವರಿಗೆ ಕಚ್ಚಿಸಿಕೊಳ್ಳುವ ಸಂಭವ ಉಳಿದೆಲ್ಲರಿಗಿಂತ ಜಾಸ್ತಿ.

ಈ ಕೆಲಸ ಮಾಡುವವರು ಯಾರು ಎಂದು ಕೇಳಿದರೆ ಅಸಮಾನತೆ ಕಣ್ಣಿಗೆ ಕಾಣುತ್ತದೆ. ತೋಟದ ಮಾಲೀಕರು ತಾವೇ ಎಲೆ ಗುಡಿಸುವುದು ಕಡಿಮೆ. ಕೂಲಿಗೆ ಬರುವ ಹೆಂಗಸರು, ಒಂದೆರಡು ಎಕರೆ ಇರುವ ಸಣ್ಣ ರೈತರು, ದನ ಕಾಯುವವರು, ಸೌದೆ ತರುವವರು ಕಾಡಿಗೆ ಹೋಗುತ್ತಾರೆ. ಬಂಡೀಪುರ, ವಯನಾಡಿನ ಕಡೆ ಕಾಡನ್ನೇ ನಂಬಿ ಬದುಕುವ ಆದಿವಾಸಿಗಳಿಗೆ ಈ ಕಾಯಿಲೆ ಬಂತು. ಕೊಪ್ಪ, ನರಸಿಂಹರಾಜಪುರ, ಶೃಂಗೇರಿ ಕಡೆ ಕಾಫಿ ಮತ್ತು ಅಡಿಕೆ ತೋಟದ ಕೂಲಿಗಳಿಗೆ ಈ ಭಯ. ಎಲೆ ಸೇರುವುದು ತೋಟಕ್ಕೆ, ಫಸಲು ಸೇರುವುದು ಮಾಲೀಕರಿಗೆ, ಉಣುಗು ಕಚ್ಚುವುದು ಕೂಲಿಯವರಿಗೆ. ಲಾಭ ಒಬ್ಬರಿಗೆ, ಅಪಾಯ ಇನ್ನೊಬ್ಬರಿಗೆ ಎನ್ನುವ ಈ ಹಂಚಿಕೆ ನಮ್ಮ ಆರೋಗ್ಯ ಇಲಾಖೆಯ ಯಾವ ಅಂಕಿಅಂಶದಲ್ಲೂ ಕಾಣುವುದಿಲ್ಲ. ರೋಗಿಯ ವಯಸ್ಸು, ಊರು ದಾಖಲಾಗುತ್ತದೆ. ಯಾರ ಕೆಲಸಕ್ಕಾಗಿ ಕಾಡಿಗೆ ಹೋಗಿದ್ದರು ಎಂಬುದು ದಾಖಲಾಗುವುದಿಲ್ಲ.

ಕಾಯಿಲೆ ಬಂದ ಮೇಲೂ ಹೀಗೆಯೇ. 2018ರ ಡಿಸೆಂಬರಿನಿಂದ 2019ರ ಬೇಸಿಗೆವರೆಗೆ ಸಾಗರ ತಾಲ್ಲೂಕಿನ ಅರಳಗೋಡು ಸುತ್ತ ಕಾಯಿಲೆ ಜೋರಾಗಿ ಹರಡಿ ಹಲವರು ಸತ್ತರು. ಅರಳಗೋಡು ಇರುವುದು ಶರಾವತಿ ಕಣಿವೆಯಲ್ಲಿ, ಲಿಂಗನಮಕ್ಕಿ ಅಣೆಕಟ್ಟಿಗೆ ಹತ್ತಿರ. ಈ ಹಿನ್ನೀರಿನ ಸೀಮೆಯ ಹಳ್ಳಿಗಳ ಸ್ಥಿತಿ ಗೊತ್ತೇ ಇದೆ: ಮನೆಗಳು ದೂರ ದೂರ, ಬಸ್ಸು ಅಪರೂಪ, ಮೊಬೈಲ್ ಸಿಗ್ನಲ್ಲಿಗಾಗಿ ಜನ ಹೋರಾಟ ಮಾಡಬೇಕಾಗಿ ಬಂದ ಜಾಗಗಳಿವೆ. ಜ್ವರ ಬಂದವರು ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ (ಪಿಎಚ್‌ಸಿ), ಅಲ್ಲಿಂದ ಸಾಗರಕ್ಕೆ, ತೀವ್ರವಾದರೆ ಶಿವಮೊಗ್ಗಕ್ಕೋ ಮಣಿಪಾಲಕ್ಕೋ ಹೋಗಬೇಕು. ಕಾರು ಇರುವ ಮನೆಗೆ ಇದು ಕೆಲವು ಗಂಟೆಯ ಮಾತು. ಇಲ್ಲದ ಮನೆಯವರು ‘ಎರಡು ದಿನ ನೋಡೋಣ’ ಎನ್ನುತ್ತಾರೆ. ಚಿಕಿತ್ಸೆ ಉಚಿತ ಎಂದರೂ ಜೊತೆಗೆ ಹೋದವರ ಕೂಲಿ, ಊಟ, ಓಡಾಟ ಉಚಿತವಲ್ಲ.

ಕಾಡು ಕಡಿದರೆ ಕಾಯಿಲೆ ಬರುತ್ತದೆಯೇ?

1982ರಿಂದ 84ರ ನಡುವೆ ಬೆಳ್ತಂಗಡಿ ತಾಲ್ಲೂಕಿನ ನಿಡ್ಲೆ ಸುತ್ತ ಕಾಯಿಲೆ ದೊಡ್ಡದಾಗಿ ಎದ್ದಿತು. ಸಾವಿರಕ್ಕೂ ಹೆಚ್ಚು ಜನರಿಗೆ ತಗುಲಿತು. ಅದಕ್ಕೆ ಸ್ವಲ್ಪ ಮೊದಲು ಅಲ್ಲಿ ಕಾಡು ಕಡಿದು ಗೇರು ತೋಟ ಮಾಡಲಾಗಿತ್ತು. ಅಲ್ಲಿ ಅಧ್ಯಯನ ಮಾಡಿದ ಅಮೆರಿಕದ ವೈದ್ಯಕೀಯ ಮಾನವಶಾಸ್ತ್ರಜ್ಞ ಮಾರ್ಕ್ ನಿಕ್ಟರ್ 1987ರಲ್ಲಿ ಇದನ್ನು ಅಭಿವೃದ್ಧಿ ತಂದ ಕಾಯಿಲೆ ಎಂದು ಕರೆದರು. ಹೆಚ್ಚು ಪೆಟ್ಟು ತಿಂದವರು ಕಾಡಿನ ಮೇಲೆ ಬದುಕು ನಡೆಸುವ ಬಡವರು ಎಂದು ತೋರಿಸಿದರು. ಕಾಡಿನ ದೈವಗಳು ಮುನಿದಿವೆ ಎಂದು ಅಲ್ಲಿಯ ಜನ ನಂಬಿದ್ದರು. ಕಾಡು ಕಡಿದದ್ದಕ್ಕೂ ಜ್ವರಕ್ಕೂ ಸಂಬಂಧ ಇದೆ ಎಂಬುದನ್ನು ಅವರು ತಮ್ಮದೇ ರೀತಿಯಲ್ಲಿ ಗುರುತಿಸಿದ್ದರು.

ಗೇರು ಮತ್ತೆ ಬಂತು. 2012ರಿಂದ ಕಾಯಿಲೆ ಶಿವಮೊಗ್ಗ, ಚಿಕ್ಕಮಗಳೂರು, ಉತ್ತರ ಕನ್ನಡ, ದಕ್ಷಿಣ ಕನ್ನಡ, ಉಡುಪಿಯ ಆಚೆಗೂ ಕಾಣಿಸಿಕೊಂಡಿತು. ಬಂಡೀಪುರ, ನೀಲಗಿರಿ, ವಯನಾಡು, ಆಮೇಲೆ 2015ರಲ್ಲಿ ಗೋವಾದ ಸತ್ತರಿ, 2016ರಲ್ಲಿ ಮಹಾರಾಷ್ಟ್ರದ ಸಿಂಧುದುರ್ಗ. ಕೊನೆಯ ಎರಡು ಕಡೆ ಕಾಡಿನಂಚಿನ ಗೇರು ತೋಟಗಳಲ್ಲಿ ಕೆಲಸ ಮಾಡುವವರಿಗೆ ಜ್ವರ ಬಂತು. ಕೆಲವೇ ಜಿಲ್ಲೆಗಳ ಕಾಯಿಲೆ ಎನಿಸಿಕೊಂಡಿದ್ದು ಇಡೀ ಪಶ್ಚಿಮ ಘಟ್ಟದ್ದಾಯಿತು.

ಹಾಗಂತ ‘ಕಾಡು ಕಡಿದರು, ಕಾಯಿಲೆ ಬಂತು’ ಎಂದು ಒಂದೇ ಸಾಲಿನಲ್ಲಿ ಮುಗಿಸಲಾಗದು. ಶಿವಮೊಗ್ಗ ಜಿಲ್ಲೆಯ ಬಗ್ಗೆ ಬ್ರಿಟನ್ ಮತ್ತು ಭಾರತದ ವಿಜ್ಞಾನಿಗಳು ಸೇರಿ 2020ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅದರ ಪ್ರಕಾರ ಅಪಾಯ ಹೆಚ್ಚಿರುವುದು ತೇವದ ನಿತ್ಯಹಸಿರು ಕಾಡು ಮತ್ತು ತೋಟಗಳು ಬೆರೆತಿರುವ, ನಾಟಿ ದನಗಳು ಜಾಸ್ತಿ ಇರುವ ಜಾಗಗಳಲ್ಲಿ. ಅಂದರೆ ದಟ್ಟ ಕಾಡಿನ ನಡುವೆಯೂ ಅಲ್ಲ, ಬಯಲಿನಲ್ಲೂ ಅಲ್ಲ. ಕಾಡೂ ತೋಟವೂ ಒಂದರೊಳಗೊಂದು ಸೇರಿಕೊಂಡ ಕಡೆ. ಮಲೆನಾಡು ಇವತ್ತು ಬಹುಪಾಲು ಹಾಗೇ ಇದೆ. ಕಾಡನ್ನು ತುಂಡು ಮಾಡುತ್ತಾ ಹೋದಷ್ಟೂ ಇಂಥ ಅಂಚುಗಳು ಬೆಳೆಯುತ್ತವೆ.

ಪರಿಸರದ ಕಾರ್ಯಕರ್ತರು ಇನ್ನೊಂದು ಮಾತು ಹೇಳುತ್ತಾರೆ. ಶಿವಮೊಗ್ಗದಲ್ಲಿ ಕಾಗದದ ಕಾರ್ಖಾನೆಗಾಗಿ ದಶಕಗಳ ಕಾಲ ಅಕೇಶಿಯಾ, ನೀಲಗಿರಿ ಬೆಳೆಸಿದ್ದರಿಂದ ಕಾಡಿನಲ್ಲಿ ಹಣ್ಣಿನ ಮರ ಕಡಿಮೆಯಾಗಿ ಮಂಗಗಳು ಊರಿಗೆ ಬಂದವು ಎಂಬ ವಾದ ಅದು. ಮಂಗಗಳು ಮನೆ, ತೋಟದ ಹತ್ತಿರ ಬಂದರೆ ವೈರಸ್ ಇರುವ ಉಣುಗೂ ಅಲ್ಲಿಗೇ ಬರುತ್ತದೆ ಎಂಬ ತರ್ಕ ಸರಿಯಾಗಿಯೇ ಇದೆ. ಆದರೆ ಎಲ್ಲ ಕಡೆಯ ಜ್ವರಕ್ಕೂ ಇದೊಂದೇ ಕಾರಣ ಎನ್ನುವಷ್ಟು ಪುರಾವೆ ಇಲ್ಲ. ಮೊದಲ ಸಲ ಕಾಯಿಲೆ ಎದ್ದಾಗ ಅಕೇಶಿಯಾ ನೆಡುತೋಪು ಇರಲಿಲ್ಲ ಅಲ್ವಾ?

ಲಸಿಕೆ ನಿಲ್ಲಿಸಿದ್ದು ತಪ್ಪೇ?

ಹಳೆ ಲಸಿಕೆ ಸತ್ತ ವೈರಸ್ಸಿನಿಂದ ಮಾಡಿದ್ದು. ಬೆಂಗಳೂರಿನ ಹೆಬ್ಬಾಳದಲ್ಲಿರುವ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಯಲ್ಲಿ ತಯಾರಾಗುತ್ತಿತ್ತು. 1990ರ ಹೊತ್ತಿಗೆ ಬಳಕೆಗೆ ಬಂತು. 1990ರಿಂದ 92ರವರೆಗೆ ಹಳ್ಳಿಗಳಲ್ಲಿ ಪ್ರಯೋಗ ಮಾಡಿದಾಗ ಎರಡು ಡೋಸ್ ಪಡೆದವರಲ್ಲಿ ನೂರಕ್ಕೆ 93.5ರಷ್ಟು ರಕ್ಷಣೆ ಕಂಡಿತ್ತು. ಮುಂದೆ 2005ರಿಂದ 2010ರವರೆಗಿನ ಲೆಕ್ಕ ನೋಡಿದಾಗ ಅದು 62.4ಕ್ಕೆ ಇಳಿದಿತ್ತು. ಬೂಸ್ಟರ್ ಕೂಡ ಪಡೆದವರಲ್ಲಿ 82.9. ಒಂದೇ ಡೋಸ್ ಪಡೆದವರಿಗೆ ಹೇಳಿಕೊಳ್ಳುವಂಥ ಪ್ರಯೋಜನ ಸಿಕ್ಕಿರಲಿಲ್ಲ. ಲಸಿಕೆ ಪಡೆದವರಿಗೂ ಕಾಯಿಲೆ ಬಂತು ಎಂಬ ಸುದ್ದಿಗಳ ಹಿಂದೆ ಇರುವುದು ಈ ಇಳಿಕೆ. ಕೊನೆಗೆ ಲಸಿಕೆಯ ಬಲ ಅಳೆಯುವ ಪರೀಕ್ಷೆಯಲ್ಲೇ ಅದು ನಪಾಸಾಗತೊಡಗಿತು. 2022ರಲ್ಲಿ ಆರೋಗ್ಯ ಇಲಾಖೆ ಅದನ್ನು ಕೈಬಿಟ್ಟಿತು.

ನಿಲ್ಲಿಸಬಾರದಿತ್ತು ಎನ್ನುವವರು ಹೇಳುವುದು: ಅರ್ಧ ರಕ್ಷಣೆಯೂ ರಕ್ಷಣೆಯೇ, ಬದಲಿ ಸಿಗುವವರೆಗೆ ಕೊಡಬಹುದಿತ್ತು. ನಿಲ್ಲಿಸಿದ್ದು ಸರಿ ಎನ್ನುವವರ ಮಾತು: ಬಲವೇ ಇಲ್ಲದ ಲಸಿಕೆ ಹಾಕಿಸಿಕೊಂಡವರು ಧೈರ್ಯವಾಗಿ ಕಾಡಿಗೆ ಹೋಗುತ್ತಾರೆ, ಅದು ಲಸಿಕೆ ಇಲ್ಲದ್ದಕ್ಕಿಂತ ಕೆಟ್ಟದ್ದು. ಪರೀಕ್ಷೆಯಲ್ಲಿ ಸೋತ ಲಸಿಕೆಯನ್ನು ನಿಲ್ಲಿಸಿದ್ದು ಸರಿಯೇ. ತಪ್ಪಾದದ್ದು ಅದಕ್ಕೂ ಮೊದಲು. ಲಸಿಕೆಯ ಬಲ ಕುಸಿಯುತ್ತಿದೆ ಎಂಬುದು ಅದನ್ನು ಕೈಬಿಡುವ ಹತ್ತು ವರ್ಷ ಮೊದಲೇ ಅಂಕಿಗಳಲ್ಲಿ ಕಂಡಿತ್ತು. ಹೊಸದನ್ನು ಮಾಡುವ ಕೆಲಸ ಆಗಲೇ ಜೋರಾಗಿ ಶುರುವಾಗಿದ್ದರೆ ಈ ನಡುವಿನ ಖಾಲಿ ವರ್ಷಗಳು ಇರುತ್ತಿರಲಿಲ್ಲ.

ಜನರೇ ಮುಂದೆ ಬರಲಿಲ್ಲ ಎಂಬ ದೂರೂ ಇದೆ. ಅದು ನಿಜ, ಆದರೆ ಯಾಕೆ ಎಂದು ನೋಡಬೇಕು. ಚುಚ್ಚಿದ ಜಾಗ ಬಹಳ ನೋಯುತ್ತಿತ್ತು. ಒಂದು ತಿಂಗಳ ಅಂತರದಲ್ಲಿ ಎರಡು ಡೋಸ್, ಕೆಲವು ತಿಂಗಳ ನಂತರ ಬೂಸ್ಟರ್, ಆಮೇಲೆ ವರ್ಷ ವರ್ಷ ಮತ್ತೆ ಬೂಸ್ಟರ್. ದಿನಗೂಲಿಯವರಿಗೆ ಪ್ರತಿ ಡೋಸ್ ಎಂದರೆ ಹೋದ ಕೂಲಿ, ಮರುದಿನ ಎತ್ತಲಾಗದ ತೋಳು. ಅತಿ ಹೆಚ್ಚು ಅಪಾಯದಲ್ಲಿದ್ದವರಿಗೇ ಲಸಿಕೆ ಅತಿ ದುಬಾರಿಯಾಗಿತ್ತು.

ಔಷಧ, ಲಸಿಕೆ ಇಷ್ಟು ತಡವೇಕೆ?

ಸಾಮಾನ್ಯವಾಗಿ ವರ್ಷಕ್ಕೆ 400ರಿಂದ 500 ಮಂದಿಗೆ ಈ ಕಾಯಿಲೆ ಬರುತ್ತದೆ ಎಂಬ ಅಂದಾಜಿದೆ. ಔಷಧ ಕಂಪನಿಗೆ ಈ ಸಂಖ್ಯೆಯಲ್ಲಿ ಲಾಭ ಕಾಣುವುದಿಲ್ಲ. ಕಾಯಿಲೆ ಬರುವವರು ದುಡ್ಡು ಕೊಟ್ಟು ಲಸಿಕೆ ಕೊಳ್ಳುವವರೂ ಅಲ್ಲ. ಬೇರೆ ದೇಶಕ್ಕೆ ಹೋಗುವ ಪ್ರವಾಸಿಗರಿಗೆ ಮಾರುವಂಥದ್ದೂ ಅಲ್ಲ. ಮೇಲಾಗಿ ಈ ವೈರಸ್ ಜೊತೆ ಕೆಲಸ ಮಾಡಲು ಅತಿ ಬಿಗಿ ಸುರಕ್ಷತೆಯ ಲ್ಯಾಬ್ ಬೇಕು, ಅಂಥವು ದೇಶದಲ್ಲಿ ಬೆರಳೆಣಿಕೆಯಷ್ಟು. ಹಾಗಾಗಿ ಸರ್ಕಾರ ದುಡ್ಡು ಹಾಕದೆ ಇದು ಆಗುವ ಕೆಲಸವೇ ಅಲ್ಲ.

ಈಗ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಹೈದರಾಬಾದಿನ ಇಂಡಿಯನ್ ಇಮ್ಯುನೊಲಾಜಿಕಲ್ಸ್ ಕಂಪನಿ ಜೊತೆ ಸೇರಿ ಹೊಸ ಲಸಿಕೆ ಸಿದ್ಧಪಡಿಸುತ್ತಿದೆ. ಇದೂ ಸತ್ತ ವೈರಸ್ಸಿನ ಲಸಿಕೆಯೇ, ಆದರೆ ಸುಧಾರಿಸಿದ್ದು. ಎರಡು ಡೋಸ್ ಎಂಬ ಲೆಕ್ಕಾಚಾರ. ಪ್ರಾಣಿಗಳ ಮೇಲಿನ ಪರೀಕ್ಷೆ ದಾಟಿದೆ. ಮನುಷ್ಯರ ಮೇಲೆ ಸುರಕ್ಷತೆ ನೋಡುವುದು ಮೊದಲ ಹಂತ. ನಿಜವಾಗಿ ಕಾಯಿಲೆ ತಡೆಯುತ್ತದೆಯೇ ಎಂದು ನೋಡುವುದು ಆಮೇಲಿನ ಹಂತ. ವರ್ಷಕ್ಕೆ ಕೆಲವೇ ನೂರು ಮಂದಿಗೆ, ಅದೂ ಪ್ರತಿ ವರ್ಷ ಬೇರೆ ಬೇರೆ ಹಳ್ಳಿಯಲ್ಲಿ ಬರುವ ಕಾಯಿಲೆಯಲ್ಲಿ ಇದನ್ನು ಸಾಬೀತು ಮಾಡುವುದು ಕಷ್ಟ. ‘ಮುಂದಿನ ವರ್ಷ ಲಸಿಕೆ’ ಎಂಬ ಶೀರ್ಷಿಕೆಗಳನ್ನು ಈ ಹಂತಗಳನ್ನು ನೆನಪಿಟ್ಟುಕೊಂಡೇ ಓದಬೇಕು.

ಎಣ್ಣೆ ಹಚ್ಚಿಕೊಳ್ಳಿ, ಕಾಡಿಗೆ ಹೋಗಬೇಡಿ

ಲಸಿಕೆ ಇಲ್ಲದ ಈ ಹೊತ್ತಿನಲ್ಲಿ ಸರ್ಕಾರದ ಕೈಲಿರುವುದು ಡೆಪಾ ಎಣ್ಣೆ. ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ಕಂಡುಹಿಡಿದ ಈ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಂಡು ಹೋದರೆ ಉಣುಗು ದೂರ ಇರುತ್ತದೆ. ಆಶಾ ಕಾರ್ಯಕರ್ತೆಯರು ಮನೆಮನೆಗೆ ಹಂಚುತ್ತಾರೆ. ಎಣ್ಣೆ ಒಳ್ಳೆಯದೇ. ಆದರೆ ಬೆವರಿಗೆ ಇಳಿದುಹೋಗುತ್ತದೆ, ಕೆಲವು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಬೆಳಿಗ್ಗೆ ಏಳಕ್ಕೆ ಹೊರಟು ಬಿಸಿಲಲ್ಲಿ ಎಲೆ ಹೊರುವವರು ಅದನ್ನು ದಿನಾ ತಪ್ಪದೆ, ಐದಾರು ತಿಂಗಳು ಮಾಡಬೇಕು. ರಕ್ಷಣೆಯ ಪೂರ್ತಿ ಹೊರೆ ಅವರ ಮೇಲೇ ಬಿತ್ತು.

‘ಕಾಡಿಗೆ ಹೋಗಬೇಡಿ’ ಎಂಬ ಸಲಹೆಯೂ ಹಾಗೆ. ಸುಮ್ನೆ ಯಾರೂ ಕಾಡಿಗೆ ಹೋಗುವುದಿಲ್ಲ. ಸೌದೆ ಬೇಡ ಎಂದರೆ ಸಿಲಿಂಡರ್ ತುಂಬಿಸಲು ದುಡ್ಡು ಬೇಕು. ದರಕು ಬೇಡ ಎಂದರೆ ಗೊಬ್ಬರ ಕೊಳ್ಳಬೇಕು. ದನವನ್ನು ಕಟ್ಟಿ ಸಾಕಿ ಎಂದರೆ ಮೇವು ಬೇಕು. ಎಷ್ಟೋ ಊರುಗಳಲ್ಲಿ ಗೋಮಾಳ ಉಳಿದಿಲ್ಲ. ದನಗಳಿಗೆ ಉಣುಗು ನಿವಾರಕ ಔಷಧ ಹಾಕುವ ಕೆಲಸ ಪಶುಸಂಗೋಪನಾ ಇಲಾಖೆಯದ್ದು, ಸತ್ತ ಮಂಗ ಅರಣ್ಯ ಇಲಾಖೆಯದ್ದು, ಜ್ವರ ಆರೋಗ್ಯ ಇಲಾಖೆಯದ್ದು. ಮೂರೂ ಒಂದೇ ವಾರದಲ್ಲಿ ಒಂದೇ ಹಳ್ಳಿಗೆ ಬಂದರೆ ಮಾತ್ರ ಉಪಯೋಗ.

ಮಂಗ ಸತ್ತಿದ್ದನ್ನು ತಿಳಿಸಬೇಕಾದವರು ಕಾಡಿನಂಚಿನ ಜನ. ಅವರಲ್ಲಿ ಅನೇಕರ ಜಮೀನಿನ ಹಕ್ಕೇ ಇತ್ಯರ್ಥವಾಗಿಲ್ಲ. 1960ರ ದಶಕದಲ್ಲಿ ಲಿಂಗನಮಕ್ಕಿಗೆ ಮನೆ ಮುಳುಗಿ ಕಾಡಿನ ನಡುವೆ ನೆಲೆಸಿದ ಕುಟುಂಬಗಳು ಇಂದಿಗೂ ಹಕ್ಕುಪತ್ರಕ್ಕಾಗಿ ಓಡಾಡುತ್ತಿವೆ. ಅರಣ್ಯ ಹಕ್ಕು ಕಾಯ್ದೆಯಲ್ಲಿ ಆದಿವಾಸಿಗಳಲ್ಲದವರಿಗೆ 75 ವರ್ಷದ ದಾಖಲೆ ಬೇಕು, ಇಂಥವರ ಬಳಿ ಅದು ಎಲ್ಲಿಂದ ಬರಬೇಕು? ಒತ್ತುವರಿದಾರ ಎಂದು ನೋಟಿಸ್ ಕೊಟ್ಟ ಇಲಾಖೆಗೇ ಫೋನ್ ಮಾಡಿ ‘ಇಲ್ಲಿ ಮಂಗ ಸತ್ತಿದೆ’ ಎನ್ನಲು ಹಿಂಜರಿಯುವುದು ಸಹಜ. ಸುದ್ದಿ ಒಂದು ವಾರ ತಡವಾದರೆ ಮೆಲಾಥಿಯಾನ್ ಕೂಡ ಒಂದು ವಾರ ತಡ.

ಮುಂದಿನ ಕೆಲವು ವರ್ಷ

ಹೊಸ ಲಸಿಕೆ ಬರುವವರೆಗೆ ಪ್ರತಿ ಬೇಸಿಗೆಯೂ ಸಾವಿನ ಸುದ್ದಿ ಬರುವ ಸಂಭವ ಇದ್ದೇ ಇದೆ. ಅದನ್ನು ಕಡಿಮೆ ಮಾಡಲು ಆಗುವ ಕೆಲಸಗಳೂ ಇವೆ. ಮಂಗ ಸತ್ತ ಸುದ್ದಿ ಪಡೆಯಲು ಪಂಚಾಯಿತಿಯನ್ನೇ ಕೇಂದ್ರ ಮಾಡಬಹುದು, ಆಗ ಅರಣ್ಯ ಇಲಾಖೆಯ ಭಯ ಅಡ್ಡ ಬರುವುದಿಲ್ಲ. ಜ್ವರದ ಮೊದಲ ದಿನಗಳಲ್ಲೇ ರಕ್ತದ ಸ್ಯಾಂಪಲ್ ಪಿಎಚ್‌ಸಿಯಿಂದ ಶಿವಮೊಗ್ಗದ ಲ್ಯಾಬಿಗೆ ಹೋಗಬೇಕು. ತೋಟದ ಮಾಲೀಕರು ಎಲೆ ಗುಡಿಸಲು ಕಳಿಸುವ ಕೂಲಿಯವರಿಗೆ ಎಣ್ಣೆ, ಗಮ್‌ಬೂಟು, ಉದ್ದ ತೋಳಿನ ಅಂಗಿ ಕೊಡುವುದನ್ನು ಕೂಲಿಯ ಭಾಗವಾಗಿಯೇ ನೋಡಬೇಕು.

ಲಸಿಕೆ ಬಂದಾಗ ಯಾರಿಗೆ ಮೊದಲು ಎಂಬ ಪ್ರಶ್ನೆ ಏಳುತ್ತದೆ. ಕಾಯಿಲೆ ಕಂಡ ಊರಿನ ಸುತ್ತಲಿನ ನಿವಾಸಿಗಳಿಗೆ ಕೊಡುವುದು ಹಳೆಯ ಪದ್ಧತಿ. ಆದರೆ ಇವತ್ತು ಕೊಪ್ಪ, ಶೃಂಗೇರಿಯ ತೋಟಗಳಲ್ಲಿ ದುಡಿಯುವ ಅನೇಕರು ಬೇರೆ ಜಿಲ್ಲೆ, ಬೇರೆ ರಾಜ್ಯದವರು. ಕೊಯ್ಲಿಗೆ ಬಂದು ಹೋಗುವವರ ಹೆಸರು ಆಶಾ ಕಾರ್ಯಕರ್ತೆಯ ಮನೆಪಟ್ಟಿಯಲ್ಲಿ ಇರುವುದಿಲ್ಲ. ಎರಡನೇ ಡೋಸಿನ ಹೊತ್ತಿಗೆ ಅವರು ಊರು ಬಿಟ್ಟಿರುತ್ತಾರೆ. ಲಸಿಕೆ ಪಟ್ಟಿಯನ್ನು ಮನೆ ನಂಬರಿನ ಬದಲು ಕೆಲಸದ ಜಾಗ ಹಿಡಿದು ಮಾಡಬೇಕಾಗುತ್ತದೆ. ಮೊದಲ ಡೋಸನ್ನು ಸೆಪ್ಟೆಂಬರಿನೊಳಗೆ ಕೊಡಬೇಕಾಗುತ್ತದೆ, ಡೋಸಿನ ದಿನದ ಕೂಲಿಯನ್ನೂ ಜೊತೆಗೆ ಕೊಡಬೇಕಾಗುತ್ತದೆ. ಆ ಪಟ್ಟಿ ಮಾಡಲು ಲಸಿಕೆಗಾಗಿ ಕಾಯುವ ಅಗತ್ಯವಿಲ್ಲ. ಇದೇ ಮಳೆಗಾಲದಲ್ಲಿ ತೋಟ ತೋಟಕ್ಕೆ ಹೋಗಿ ಶುರು ಮಾಡಬಹುದು.